ಮೊದಲು ಗಣಿತ ಗಟ್ಟಿಯಾಗಲಿ

ಎಂಜಿನಿಯರಿಂಗ್ ಮೊದಲ ವರ್ಷದಿಂದಲೇ ಎಐ ಟೂಲ್‌ಗಳನ್ನು ಕಲಿಸಬೇಕು ಅಂತ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ ಸರ್. ಟೂಲ್ ಬೇಗ ಹಳತಾಗುತ್ತದೆ. 1986ರಲ್ಲಿ ರೂಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಬರೆದ ಬ್ಯಾಕ್‌ಪ್ರೊಪಗೇಶನ್ (ಉತ್ತರದಲ್ಲಿ ಆದ ತಪ್ಪನ್ನು ಹಿಂದಕ್ಕೆ ಲೆಕ್ಕ ಹಾಕುತ್ತಾ ಎಐ ಮಾದರಿಯನ್ನು ತಿದ್ದಿ ಕಲಿಸುವ ವಿಧಾನ) ಪ್ರಬಂಧ ಹಳತಾಗಿಲ್ಲ, ಇವತ್ತಿನ ಚಾಟ್‌ಬಾಟ್‌ಗಳನ್ನು ತಯಾರು ಮಾಡುವಾಗಲೂ ಬಳಸುವುದು ಅದೇ ವಿಧಾನ. ಅದರ ತಿರುಳು ನಮ್ಮ ಮಕ್ಕಳು ಸೆಕೆಂಡ್ ಪಿಯುಸಿ ಗಣಿತದಲ್ಲಿ ಓದುವ ಚೈನ್ ರೂಲ್ (ಒಂದರೊಳಗೊಂದು ಇರುವ ಫಂಕ್ಷನ್‌ಗಳ ಡೆರಿವೇಟಿವ್ ಕಂಡುಹಿಡಿಯುವ ಸೂತ್ರ), ಅಲ್ವಾ? ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತುಬಿಡುತ್ತಾರೆ, ಅದು ಎಲ್ಲಿ ಕೆಲಸಕ್ಕೆ ಬರುತ್ತದೆ ಅಂತ ಯಾರೂ ಹೇಳುವುದಿಲ್ಲ, ನನಗೆ ಜಾಸ್ತಿ ಬೇಜಾರು ಅದೇ. ಎರಡು ಪದರದ ಸಣ್ಣ ನ್ಯೂರಲ್ ನೆಟ್‌ವರ್ಕ್ (ಉದಾಹರಣೆಗಳಿಂದ ಕಲಿಯುವ ಲೆಕ್ಕದ ಜಾಲ, ಚಾಟ್‌ಬಾಟ್‌ಗಳ ಒಳಗಿರುವುದು ಇದೇ) ಒಂದನ್ನು ರೆಡಿಮೇಡ್ ಲೈಬ್ರರಿ ಇಲ್ಲದೆ ಪೈಥಾನ್‌ನಲ್ಲಿ ಅವರ ಕೈಯಲ್ಲೇ ಬರೆಸಿ ನೋಡಿ. ಸಾದಾ ಲ್ಯಾಪ್‌ಟಾಪ್ ಸಾಕು. ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿ, ಐಐಎಸ್‌ಸಿ ಪ್ರಾಧ್ಯಾಪಕರ ಪಾಠಗಳು ಉಚಿತವಾಗಿ ಸಿಗುತ್ತವೆ. ಅವನ್ನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಬಿಡಿಸಿ ಹೇಳುವ ಮೇಷ್ಟ್ರು ಪ್ರತಿ ಕಾಲೇಜಿಗೂ ಬೇಕು, ದುಡ್ಡು ಹಾಕುವುದಿದ್ದರೆ ಮೊದಲು ಅಲ್ಲಿ ಹಾಕಿ.