ಆರನೇ ಕಿಲೋಮೀಟರಿಗೆ ನಾವೇಕೆ ಹೋಗಲಿಲ್ಲ

ಮೊನ್ನೆ ಮೆಲ್ಬರ್ನ್‌ನಿಂದ ಮೈಸೂರಿಗೆ ವಿಡಿಯೋ ಕಾಲ್ ಮಾಡಿದಾಗ ಮಾತು ಲಾಕ್‌ಡೌನ್ ದಿನಗಳ ಕಡೆ, ಮನೆಯಿಂದ ಐದು ಕಿಲೋಮೀಟರ್ ದಾಟಬಾರದೆಂದು ಆಗ ಇಲ್ಲಿದ್ದ ನಿಯಮದ ಕಡೆ ತಿರುಗಿತು. "ಅಲ್ಲಯ್ಯ, ಐದು ಕಿಲೋಮೀಟರ್ ಅಂದ್ರೆ ಐದೇನಾ? ಆರನೇ ಕಿಲೋಮೀಟರಿಗೆ ಹೋಗಿದ್ರೆ ಟೇಪ್ ಹಿಡ್ಕೊಂಡು ಯಾರು ಅಳೀತಿದ್ರು?" ಅಂದರು ನಮ್ಮ ಭಾವ. ಆ ಕಡೆ ಎಲ್ಲರೂ ನಕ್ಕರು. "ಇವನು ಚಿಕ್ಕಂದಿನಿಂದಲೂ ಪುಕ್ಕಲ" ಎಂದು ಅಕ್ಕ ಸೇರಿಸಿದಳು. ಫೋನ್ ಇಟ್ಟ ಮೇಲೂ ಆ ನಗು ಚುಚ್ಚುತ್ತಲೇ ಇತ್ತು. 1,652 ಡಾಲರ್ ದಂಡ ಇದ್ದದ್ದು ನಿಜ. ಆದರೆ ನಾವು ದಂಡಕ್ಕೆ ಹೆದರಿ ಮನೆಯಲ್ಲಿ ಕೂತವರಲ್ಲ. ಅವತ್ತು ಬಾಯಿಗೆ ಬರದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

2020ರ ಆಗಸ್ಟ್ 2ರಂದು ಮೆಲ್ಬರ್ನ್‌ನಲ್ಲಿ ನಾಲ್ಕನೇ ಹಂತದ ನಿರ್ಬಂಧ ಶುರುವಾಯಿತು. ರಾತ್ರಿ ಎಂಟರಿಂದ ಬೆಳಗಿನ ಐದರವರೆಗೆ ಕರ್ಫ್ಯೂ. ವಾಕಿಂಗಾಗಲಿ, ಅಂಗಡಿಯಾಗಲಿ, ಮನೆಯಿಂದ ಐದು ಕಿಲೋಮೀಟರ್ ಒಳಗೆ. ವಾಕಿಂಗಿಗೆ ದಿನಕ್ಕೊಂದು ಗಂಟೆ, ಸಾಮಾನು ತರಲು ಮನೆಗೊಬ್ಬರು, ಅದೂ ದಿನಕ್ಕೊಂದೇ ಸಲ. ಮಕ್ಕಳ ಜಾರುಬಂಡೆ, ಉಯ್ಯಾಲೆಗಳೂ ಬಂದ್. ನಮ್ಮ ತೊಗರಿಬೇಳೆ, ಕರಿಬೇವಿನ ಅಂಗಡಿ ಆ ವೃತ್ತದ ಆಚೆಗಿತ್ತು. ಆ ಚಳಿಗಾಲವಿಡೀ ಸಾರಿನ ಒಗ್ಗರಣೆಗೆ ಕರಿಬೇವು ಬೀಳಲಿಲ್ಲ. ಹೆಂಡತಿಗೆ ಒಂದು ವೃದ್ಧಾಶ್ರಮದಲ್ಲಿ ಕೆಲಸ. ಪರ್ಮಿಟ್ ಕಾಗದವನ್ನು ಕಾರಿನಲ್ಲಿಟ್ಟುಕೊಂಡು ಹೋಗುತ್ತಿದ್ದಳು. ಬಂದವಳು ಗ್ಯಾರೇಜಿನಲ್ಲೇ ಬಟ್ಟೆ ಬದಲಿಸಿ ನೇರ ಬಚ್ಚಲಿಗೆ. ಅಲ್ಲಿಯವರೆಗೆ ಮಗಳು ಅವಳನ್ನು ಮುಟ್ಟುವ ಹಾಗಿಲ್ಲ. ಮಗಳ ಶಾಲೆ ಊಟದ ಮೇಜಿನ ಒಂದು ತುದಿಯಲ್ಲಿ, ನನ್ನ ಆಫೀಸು ಇನ್ನೊಂದು ತುದಿಯಲ್ಲಿ. ಗೌರಿ ಹಬ್ಬ ಬಂದದ್ದು ಆಗಸ್ಟ್ 21ಕ್ಕೆ, ಇದರ ನಟ್ಟ ನಡುವೆ. ಬಾಗಿನ ಎದುರಿಗಿಟ್ಟುಕೊಂಡು ಹೆಂಡತಿ ಫೋನ್ ಹಿಡಿದಳು, ಅತ್ತ ಅವಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಮರುದಿನದ ಗಣಪನನ್ನು ಮಗಳು ಹಿತ್ತಲ ಮಣ್ಣಿನಲ್ಲೇ ಮಾಡಿದಳು.

ಇಷ್ಟನ್ನು ನಾವು ಸಹಿಸಿಕೊಂಡದ್ದು ಹೇಗೆ? ದಿನವೂ ಯಾರೋ ಒಬ್ಬರು ಎದುರಿಗೆ ನಿಂತು ಲೆಕ್ಕ ಒಪ್ಪಿಸುತ್ತಿದ್ದರು. ನನ್ನ ಉತ್ತರವೆಲ್ಲ ಅದರಲ್ಲೇ ಇದೆ.

ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಆಗಿನ ಪ್ರೀಮಿಯರ್, ಅಂದರೆ ಮುಖ್ಯಮಂತ್ರಿ, ಡೇನಿಯಲ್ ಆ್ಯಂಡ್ರೂಸ್ ಆ ವರ್ಷ ಸತತ 120 ದಿನ ಪತ್ರಿಕಾಗೋಷ್ಠಿ ನಡೆಸಿದರು. ಶನಿವಾರ, ಭಾನುವಾರಗಳಿಗೂ ಬಿಡುವಿಲ್ಲ. ಪಕ್ಕದಲ್ಲಿ ಸನ್ನೆಭಾಷೆಯವರು, ಎದುರಿಗೆ ಪತ್ರಕರ್ತರು. ನೆನ್ನೆ ಎಷ್ಟು ಸೋಂಕು, ಎಷ್ಟು ಸಾವು, ಎಲ್ಲಿ, ಯಾಕೆ ಎಂಬುದನ್ನು ಮೊದಲು ಹೇಳುವರು. ಆಮೇಲೆ ಪ್ರಶ್ನೆಗಳು ಶುರು. ಕೆಲವು ಕಟುವಾದವು, ಕೆಲವು ಕೇಳಿದ್ದನ್ನೇ ಮತ್ತೆ ಕೇಳುವಂಥವು. ಮನುಷ್ಯ ಅಲ್ಲಿಂದ ಕದಲುತ್ತಿರಲಿಲ್ಲ. ಆಗಸ್ಟ್ 5ರಂದು ಹೊಸ ಸೋಂಕು 725 ಎಂದು ಕೇಳಿದಾಗ ನಮ್ಮ ಅಡುಗೆಮನೆಯಲ್ಲಿ ಯಾರೂ ಮಾತಾಡಲಿಲ್ಲ. ಸೆಪ್ಟೆಂಬರ್ 6ಕ್ಕೆ ಮುಂದಿನ ದಾರಿಯ ನಕ್ಷೆಯನ್ನೇ ಕೊಟ್ಟರು. ಹದಿನಾಲ್ಕು ದಿನದ ಸರಾಸರಿ ಇಷ್ಟಕ್ಕಿಳಿದರೆ ಇದು ತೆರೆಯುತ್ತದೆ, ಅಷ್ಟಕ್ಕಿಳಿದರೆ ಅದು ತೆರೆಯುತ್ತದೆ ಎಂದು. ಮಗಳು ಫ್ರಿಜ್ಜಿನ ಮೇಲೊಂದು ಹಾಳೆ ಅಂಟಿಸಿ ದಿನಾ ಸರಾಸರಿ ತೆಗೆಯತೊಡಗಿದಳು. ಒಂಟಿಯಾಗಿ ಬದುಕುವವರು ಯಾರಾದರೂ ಒಬ್ಬರನ್ನು ಮನೆಗೆ ಕರೆಯಬಹುದು ಎಂಬ ನಿಯಮವೂ ಆ ತಿಂಗಳೇ ಬಂತು. ಒಂಟಿತನವೂ ಒಂದು ಸರ್ಕಾರದ ಕಡತಕ್ಕೆ ಬರಬಹುದೆಂದು ನಾನು ಅಲ್ಲಿಯವರೆಗೆ ಎಣಿಸಿರಲಿಲ್ಲ.

ಊರಿನಲ್ಲಿ ಏನಾಯಿತು? ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಿ ಟಿವಿಯಲ್ಲಿ ಬಂದರು, ನಡುರಾತ್ರಿಯಿಂದ ದೇಶವೇ ಬಂದ್. ಮಾರನೇ ಬೆಳಗ್ಗೆ ಯುಗಾದಿ. ನಾಲ್ಕು ಗಂಟೆಯಲ್ಲಿ ಜನ ಏನು ತಂದುಕೊಳ್ಳಬೇಕು? ಕುವೆಂಪುನಗರದ ಮನೆಯಲ್ಲಿ ಅಮ್ಮ ಒಬ್ಬರೇ. "ಬೇವು ಹಿತ್ತಲಲ್ಲೇ ಇದೆ ಬಿಡಪ್ಪ, ಬೆಲ್ಲನೂ ಇದೆ. ಬಿಪಿ ಮಾತ್ರೆ ನಾಲ್ಕು ದಿನಕ್ಕಾಗುತ್ತೆ" ಅಂದರು. ಆ ಭಾಷಣದಲ್ಲಿ ಪ್ರಶ್ನೆ ಕೇಳಲು ಎದುರಿಗೆ ಒಬ್ಬರೂ ಇರಲಿಲ್ಲ. ಮೆಡಿಕಲ್ ಶಾಪಿಗೆ ಹೋಗಬಹುದೋ ಇಲ್ಲವೋ ಎಂಬುದು ನಮ್ಮ ಜನಕ್ಕೆ ತಿಳಿದದ್ದು ಸರ್ಕಲ್ಲಿನಲ್ಲಿ ನಿಂತ ಪೇದೆಯ ಲಾಠಿಯಿಂದ. ಮೇ ತಿಂಗಳಲ್ಲಿ ವಲಸೆ ಕಾರ್ಮಿಕರ ರೈಲನ್ನು ನಮ್ಮ ರಾಜ್ಯ ಸರ್ಕಾರ ರದ್ದು ಮಾಡಿತು, ಟೀಕೆ ಬಂದ ಮೇಲೆ ಮತ್ತೆ ಬಿಟ್ಟಿತು. ಡಿಸೆಂಬರಿನಲ್ಲಂತೂ ರಾತ್ರಿ ಕರ್ಫ್ಯೂ ಇವತ್ತಿನಿಂದ ಎಂದರು, ಅಲ್ಲ ನಾಳೆಯಿಂದ ಎಂದರು, ಆ ನಾಳೆ ಬಂದಾಗ ಕರ್ಫ್ಯೂವನ್ನೇ ಹಿಂತೆಗೆದುಕೊಂಡರು.

ಇಂಥ ಕಡೆ ಬದುಕಿದವರು "ಯಾರು ಅಳೀತಿದ್ರು" ಎಂದು ಕೇಳದೆ ಇನ್ನೇನು ಕೇಳಿಯಾರು? ನಮ್ಮ ಜನಕ್ಕೆ ಶಿಸ್ತಿಲ್ಲ ಎಂದು ಇಲ್ಲಿನ ಕನ್ನಡಿಗರೇ ಕೆಲವರು ಹೇಳುವಾಗ ನನಗೆ ಸಿಟ್ಟು ಬರುತ್ತದೆ. ಏಕಾದಶಿ ಎಂದರೆ ತುತ್ತು ಅನ್ನ ಮುಟ್ಟದ ಜನ ನಮ್ಮವರು. ಕಾರಣ ಹೇಳಿದ್ದರೆ, ನಾಳೆ ಏನು ಎಂದು ಇವತ್ತೇ ಹೇಳಿದ್ದರೆ, ಅವರು ಖಂಡಿತ ಕೇಳುತ್ತಿದ್ದರು. ಅಷ್ಟು ಗೌರವವನ್ನು ಅವರಿಗೆ ಯಾರೂ ಕೊಡಲಿಲ್ಲ.

ಅಕ್ಟೋಬರ್ 26ರಂದು ವಿಕ್ಟೋರಿಯಾದಲ್ಲಿ ಹೊಸ ಸೋಂಕು ಸೊನ್ನೆ, ಸಾವು ಸೊನ್ನೆ. ಮೈಸೂರಿನಲ್ಲಿ ಅವತ್ತೇ ವಿಜಯದಶಮಿ, ಜಂಬೂಸವಾರಿ ಅರಮನೆಯ ಆವರಣ ದಾಟಲಿಲ್ಲ. ಮಗಳು ತನ್ನ ಹಾಳೆಯಲ್ಲಿ ಸೊನ್ನೆ ಬರೆದು ಸುತ್ತ ಬಣ್ಣ ಹಚ್ಚಿದಳು. ಇದನ್ನು ನಾವೂ ಸೇರಿ ಇಳಿಸಿದೆವು ಎಂಬ ಹೆಮ್ಮೆ ನನಗೆ ಇವತ್ತಿಗೂ ಇದೆ.

ಇನ್ನು ಒಪ್ಪಿಕೊಳ್ಳಬೇಕಾದದ್ದು. ಅಮ್ಮನ ಮಾತ್ರೆ ಮುಗಿಯುವ ಮೊದಲೇ ವಿಜಯನಗರದಿಂದ ಸ್ಕೂಟರ್‌ನಲ್ಲಿ ಅದನ್ನು ಮುಟ್ಟಿಸಿದವರು ಇದೇ ಭಾವ. ನಂಜನಗೂಡಿನ ಔಷಧ ಕಾರ್ಖಾನೆಯ ಪ್ರಕರಣದಿಂದ ಮೈಸೂರು ಕೆಂಪು ವಲಯವಾದ ಮೇಲೂ ಅವರು ಹೋಗುವುದು ತಪ್ಪಲಿಲ್ಲ. ದಾರಿಯಲ್ಲಿ ಏನೇನು ಹೇಳಿ ಪಾರಾಗುತ್ತಿದ್ದರೋ, ನಾನು ಕೇಳಲಿಲ್ಲ. ಪಕ್ಕದ ಮನೆಯ ಹುಡುಗ ಹಾಲಿನ ಪ್ಯಾಕೆಟ್ಟನ್ನು ಗೇಟಿಗೆ ಸಿಕ್ಕಿಸಿ ಹೋಗುತ್ತಿದ್ದ. ನಮ್ಮ ಪಕ್ಕದ ಮನೆಯವರ ಹೆಸರು ನನಗೆ ಆಗ ಗೊತ್ತೇ ಇರಲಿಲ್ಲ. ಆದರೂ ಒಂದು ಮಾತು. ಇಲ್ಲಾಗಿದ್ದರೆ ಭಾವ ಯಾರಿಗೂ ಸಬೂಬು ಹೇಳಬೇಕಿರಲಿಲ್ಲ. ಮನೆ ಬಿಟ್ಟು ಹೊರಡಲು ಇದ್ದ ನಾಲ್ಕು ಕಾರಣಗಳಲ್ಲಿ ಆರೈಕೆಯೂ ಒಂದು, ಅದಕ್ಕೆ ಐದು ಕಿಲೋಮೀಟರಿನ ಮಿತಿ ಇರಲಿಲ್ಲ.

ಆದರೆ ಇದೇ ಸರ್ಕಾರ ಜುಲೈ 4ರಂದು ಉತ್ತರ ಮೆಲ್ಬರ್ನ್ ಮತ್ತು ಫ್ಲೆಮಿಂಗ್ಟನ್ನಿನ ಒಂಬತ್ತು ಬಹುಮಹಡಿ ವಸತಿ ಕಟ್ಟಡಗಳನ್ನು ಮುಚ್ಚಿತು. ಸುಮಾರು 3,000 ಜನ, ಬಹಳಷ್ಟು ಬಡ ವಲಸೆಗಾರರು. ಅವರಿಗೆ ನಾಲ್ಕು ಗಂಟೆಯನ್ನೂ ಕೊಡಲಿಲ್ಲ, ಕಿಟಕಿಯಿಂದ ನೋಡಿದರೆ ಕೆಳಗೆ ಪೊಲೀಸರು. ಅದು ಮಾನವ ಹಕ್ಕುಗಳ ಉಲ್ಲಂಘನೆ ಎಂದು ಸರ್ಕಾರದ ಮೇಲಿನ ದೂರುಗಳನ್ನು ವಿಚಾರಿಸುವ ರಾಜ್ಯದ ಒಂಬುಡ್ಸ್‌ಮನ್ ಡಿಸೆಂಬರಿನಲ್ಲಿ ವರದಿ ಕೊಟ್ಟರು, ಸರ್ಕಾರ ಕ್ಷಮೆ ಕೇಳಲಿಲ್ಲ. ಆ ವರ್ಷ ವಿಕ್ಟೋರಿಯಾದಲ್ಲಿ ಸತ್ತ 800ಕ್ಕೂ ಹೆಚ್ಚು ಮಂದಿಯಲ್ಲಿ ಬಹುಪಾಲು ವೃದ್ಧಾಶ್ರಮಗಳಲ್ಲಿದ್ದವರು. ಪತ್ರಿಕಾಗೋಷ್ಠಿಯಲ್ಲಿ ಆ ಸಂಖ್ಯೆ ಬಂದಾಗ ಹೆಂಡತಿ ಎದ್ದು ಒಳಗೆ ಹೋಗುತ್ತಿದ್ದಳು.

2021ರ ಮೇ ತಿಂಗಳದ್ದು ಇನ್ನೂ ಮಾಗದ ಗಾಯ. ಕರ್ನಾಟಕ ಎರಡನೇ ಅಲೆಯಲ್ಲಿ ಉಸಿರಿಗೆ ಒದ್ದಾಡುತ್ತಿದ್ದಾಗ ಕ್ಯಾನ್‌ಬೆರಾದ ಕೇಂದ್ರ ಸರ್ಕಾರದಿಂದ ಆದೇಶ ಬಂತು. ಭಾರತದಲ್ಲಿದ್ದು ಹದಿನಾಲ್ಕು ದಿನದೊಳಗೆ ಆಸ್ಟ್ರೇಲಿಯಕ್ಕೆ ಕಾಲಿಟ್ಟರೆ, ಇಲ್ಲಿನ ನಾಗರಿಕರಾದರೂ ಸರಿ, 66,600 ಡಾಲರ್‌ವರೆಗೆ ದಂಡ ಅಥವಾ ಐದು ವರ್ಷದವರೆಗೆ ಜೈಲು. ಅಮೆರಿಕ, ಬ್ರಿಟನ್ನುಗಳಲ್ಲಿ ಹೆಣಗಳು ಉರುಳುತ್ತಿದ್ದಾಗ ಅಲ್ಲಿಂದ ಬರುವವರಿಗೆ ಇಂಥ ಜೈಲಿನ ಮಾತು ಯಾರೂ ಆಡಿರಲಿಲ್ಲ. ಕಾರಣವನ್ನೇನೋ ಕೊಟ್ಟರು. ಕ್ವಾರಂಟೈನಿನಲ್ಲಿರುವ ಸೋಂಕಿತರಲ್ಲಿ ಭಾರತದಿಂದ ಬಂದವರ ಪಾಲು ಏರುತ್ತಿದೆ ಎಂದರು, ಅಂಕಿಗಳನ್ನೂ ಮುಂದಿಟ್ಟರು. ಮೇ 15ಕ್ಕೆ ಆದೇಶ ತೆಗೆದರು. ಎಲ್ಲವನ್ನೂ ಓದಿದೆ, ಲೆಕ್ಕ ಅರ್ಥವಾಯಿತು, ಒಪ್ಪಲು ಮಾತ್ರ ನನ್ನಿಂದ ಆಗಲಿಲ್ಲ.