ಒಂದು ಮುಷ್ಟಿ ಸಿಮೆಂಟು

ಇವತ್ತು ಬೆಳಿಗ್ಗೆ ನಮ್ಮ ಗೌಂಡಿ ಮತ್ತೆ ಸಿಕ್ಕಿಬಿದ್ದ. ನನಗೆ ಬೆನ್ನು ಮಾಡಿ ಕೂತು, ಕಲಸಿದ ಗಚ್ಚಿಗೆ ಒಂದು ಮುಷ್ಟಿ ಸಿಮೆಂಟು ಸೇರಿಸುತ್ತಿದ್ದ.

ಧಾರವಾಡದ ನಮ್ಮ ಮನೆಯ ಹಿತ್ತಲ ಗೋಡೆ ಅಜ್ಜನ ಕಾಲದ ಇಟ್ಟಿಗೆಯದು. ಹಿಂದಿನ ಸಲ ಸಂದುಗಳಿಗೆ ಸಿಮೆಂಟು ಮೆತ್ತಿಸಿದ್ದೆವು. ಗೋಡೆ ಕುಡಿದ ಮಳೆನೀರಿಗೆ ಸಂದಿನಲ್ಲಿ ಹೊರಬರಲು ದಾರಿ ಸಿಗದೆ, ಅದು ಇಟ್ಟಿಗೆಯನ್ನೇ ಹಿಡಿಯಿತು. ಈಗ ಇಟ್ಟಿಗೆ ಉದುರಿದೆ, ಸಿಮೆಂಟು ಮಾತ್ರ ಜೇನುಗೂಡಿನ ಹಾಗೆ ನಿಂತಿದೆ. ಅದಕ್ಕೇ ಈ ಸಲ ಸುಣ್ಣದ ಗಚ್ಚೇ ಆಗಬೇಕು ಅಂತ ಹಟ ಹಿಡಿದೆ.

ಅಂಗಡಿಯಲ್ಲಿ ಸುಣ್ಣ ಕೇಳಿದರೆ, "ಎಲಿಗೇನ್ರಿ, ಗ್ವಾಡಿಗೇನ್ರಿ?" ಅಂದರು. ಅಳತೆಯ ವಿಷಯದಲ್ಲಂತೂ ಓಣಿಗೆಲ್ಲ ಪಂಡಿತರೇ. ಒಂದಕ್ಕೆ ಮೂರು ಉಸುಕು ಅಂದರು ಒಬ್ಬರು. ಪಕ್ಕದ ಮನೆ ಕಾಕಾ ಗಚ್ಚಿಗೆ ಬೆಲ್ಲದ ನೀರು, ಅಳಲೆಕಾಯಿ ಅಂತ ಶುರು ಮಾಡಿ ಉದ್ದಿನಬೇಳೆಗೆ ಬರುವಷ್ಟರಲ್ಲಿ ಅವ್ವ ಡಬ್ಬಿ ಒಳಗಿಟ್ಟಳು. "ಮದಲ ದ್ವಾಸಿಗೆ ಇರಲಿ."

ಕೊನೆಗೆ ಸುಣ್ಣ ಒಂದು ಬುಟ್ಟಿ, ಇಟ್ಟಿಗೆ ಪುಡಿ ಒಂದು, ಉಸುಕು ಎರಡು ಅಂತಾಯಿತು. ಬರೀ ಸುಣ್ಣ ಗಾಳಿ ಕುಡಿದು ನಿಧಾನ ಗಟ್ಟಿಯಾಗುತ್ತದೆ. ಪುಡಿ ಸೇರಿದರೆ ಹಸಿಯಲ್ಲೂ ಹಿಡಿಯುತ್ತದೆ. ನಮ್ಮೂರಿನ ಜಿಟಿಜಿಟಿ ಮಳೆಗೆ ಅದು ಬೇಕೇ ಬೇಕು, ಅಲ್ವಾ?

ಗೌಂಡಿ ಎಲ್ಲದಕ್ಕೂ "ಹೂಂ ರೀ ಸರ" ಅಂದ. ಆದರೆ ಅವನ ಕೈ ಕೇಳಬೇಕಲ್ಲ! ಮೊದಲ ದಿನ, "ಯಾಕಪಾ ಬೂದು ಬಣ್ಣ?" ಅಂದೆ. "ಉಸುಕಿಂದ್ರಿ." ಎರಡನೇ ದಿನ ಸಿಮೆಂಟಿನ ಚೀಲ ವಾಪಸ್ ಕಳಿಸಿದೆ. ಮೂರನೇ ದಿನ ಬುತ್ತಿಚೀಲದಲ್ಲಿ, ರೊಟ್ಟಿಗಂಟಿನ ಪಕ್ಕ, ಪ್ಲಾಸ್ಟಿಕ್ ಪೊಟ್ಟಣ ಕಂಡಿತು. "ಚೂರ ರೀ ಸರ, ಮಿರ್ಚಿಗೆ ಸೋಡಾ ಇದ್ದಂಗ." ಇವತ್ತು ಕುರ್ಚಿ ಹಾಕಿಕೊಂಡು ಕಾವಲು ಕೂತೆ. "ಸರ, ಅವ್ವಾರು ಚಾಕ್ಕ ಕರೀಲಿಕ್ಹತ್ಯಾರ ನೋಡ್ರಿ" ಅಂದ. ಒಳಗೆ ಹೋದರೆ ಅವ್ವ ಇನ್ನೂ ಒಲೆ ಹಚ್ಚಿರಲಿಲ್ಲ. ಓಡಿ ಬಂದೆ. ಮುಷ್ಟಿ ಖಾಲಿಯಾಗಿತ್ತು, ಬೆರಳ ಸಂದಿಯಲ್ಲಿ ಬೂದಿ ಬಣ್ಣ.

ನನ್ನ ಬೈಗುಳ ಮುಗಿದ ಮೇಲೆ ಅವನು ಹಿತ್ತಲ ಮೂಲೆಯ ಗಾಲಿಕಲ್ಲಿನ ಕಡೆ ಹೋದ. ಎತ್ತು ಸುತ್ತಿ ಗಚ್ಚು ಅರೆಯುತ್ತಿದ್ದ ಗಾಣದ ಕಲ್ಲು ಅದು. ಈಗ ಅದರ ಮೇಲೆ ಅವ್ವ ಸಂಡಿಗೆ ಒಣಗಿಸುತ್ತಾಳೆ. ಸವೆದ ಅಂಚಿನ ಮೇಲೆ ಮೆಲ್ಲಗೆ ಕೈಯಾಡಿಸಿದ. "ನಮ್ಮ ಮುತ್ಯಾ ಇಂಥಾ ಗಾಣಾನ ಹೊಡೀತಿದ್ರಿ ಸರ. ದಿನಗಟ್ಟಲೆ ಎತ್ತಿನ ಹಿಂದ ಸುತ್ತತಿದ್ನಂತ."

ಇಬ್ಬರೂ ಸ್ವಲ್ಪ ಹೊತ್ತು ಸುಮ್ನೆ ನಿಂತೆವು. ನನಗೂ ಅಜ್ಜನ ನೆನಪಾಯಿತು.

"ಪಾಪ," ಅಂದ ಗೌಂಡಿ, "ಅವಂಗ ಸಿಮೆಂಟ್ ಸಿಗಲಿಲ್ಲ ನೋಡ್ರಿ."