ಕೆಂಚನ ಹೆಸರಿನಲ್ಲಿ ಒಂದು ಡಬ್ಬಿ ಬಿಸ್ಕತ್ತು

ನಮ್ಮ ಮನೆಯ ನಾಯಿ ಕೆಂಚ ತೀರಿಕೊಂಡ ಮೇಲೆ ಬಂದ ಮೊದಲ ಮಹಾಲಯ ಅಮಾವಾಸ್ಯೆಗೆ, ಅಮ್ಮ, ನಾನು ಮತ್ತು ನನ್ನ ಮಗಳು ಸೇರಿ, ಒಂಟಿಕೊಪ್ಪಲಿನ ನಮ್ಮ ಅಡುಗೆಮನೆಯಲ್ಲಿ ಅವನ ಆಕಾರದ ಬಿಸ್ಕತ್ತುಗಳನ್ನು ಮಾಡಿ ಬೀದಿಯವರಿಗೆಲ್ಲ ಹಂಚಿದೆವು. ಬಹಳ ಮಂದಿ ಸಂತೋಷದಿಂದ ತೆಗೆದುಕೊಂಡರು. ಹತ್ತಿರದ ಬಂಧುಗಳೊಬ್ಬರು ಮಾತ್ರ ಎರಡು ಮಾತು ಕೇಳಿದರು: ಒಂದು ನಾಯಿಗೆ ಇಷ್ಟೆಲ್ಲ ಬೇಕೇ? ಸತ್ತುಹೋದ ನಾಯಿಯ ರೂಪವನ್ನು ಕಚ್ಚಿ ತಿನ್ನಲು ಮನಸ್ಸಾದರೂ ಹೇಗೆ ಬರುತ್ತದೆ? ಅವರು ನೋಯಿಸಬೇಕೆಂದು ಕೇಳಿದವರಲ್ಲ. ಆದ್ದರಿಂದಲೇ ಆ ಎರಡೂ ಪ್ರಶ್ನೆಗಳನ್ನು ಹಗುರವಾಗಿ ತಳ್ಳಿಹಾಕದೆ, ಸ್ವಲ್ಪ ದೀರ್ಘವಾಗಿಯೇ ಉತ್ತರಿಸಬೇಕೆಂದು ಈ ಬರಹ.

ಕೆಂಚ ಜಾತಿನಾಯಿಯಲ್ಲ. ಹದಿಮೂರು ವರ್ಷಗಳ ಹಿಂದೆ ಪಾಂಡವಪುರದ ಕಡೆಯ ನಮ್ಮ ಊರಿನಲ್ಲಿ, ಆಲೆಮನೆಯ ಒಲೆಯ ಬೂದಿಯ ಬಿಸುಪಿಗೆ ಮೈಯೊಡ್ಡಿ ಮಲಗಿದ್ದ ಮರಿಯನ್ನು ಅಪ್ಪ ಟವೆಲ್ಲಿನಲ್ಲಿ ಸುತ್ತಿಕೊಂಡು ಮೈಸೂರಿಗೆ ತಂದರು. ಮೈಬಣ್ಣ ಹೊಸ ಬೆಲ್ಲದ ಬಣ್ಣ, ಎಡಗಿವಿ ಮಾತ್ರ ಎಂದೂ ನೆಟ್ಟಗೆ ನಿಲ್ಲಲಿಲ್ಲ. ನಾಲ್ಕು ವರ್ಷಗಳ ಹಿಂದೆ ಅಪ್ಪ ಹೋದಾಗ, ಅವರು ಕೂರುತ್ತಿದ್ದ ಜಗಲಿಯ ಮೂಲೆಯನ್ನು ತಿಂಗಳುಗಟ್ಟಲೆ ಬಿಟ್ಟು ಕದಲದೆ ಇದ್ದವನು ಅವನೊಬ್ಬನೇ. ನಾವೆಲ್ಲ ಕೆಲಸ, ಶಾಲೆ, ಕಾಗದಪತ್ರ ಎಂದು ಓಡಾಡಲೇಬೇಕಾಗಿತ್ತು. ಮನೆಯಲ್ಲಿ ಪೂರ್ಣಾವಧಿಯ ಶೋಕವನ್ನು ಆಚರಿಸಿದ್ದು ಕೆಂಚ ಎಂದು ಅಮ್ಮ ಈಗಲೂ ಹೇಳುತ್ತಾರೆ.

ಅವನಿಗೂ ಬಿಸ್ಕತ್ತಿಗೂ ಇದ್ದ ನಂಟು ಅಪ್ಪ ಬೆಳೆಸಿದ್ದು. ಸಂಜೆ ನಾಲ್ಕೂವರೆಗೆ ಕಾಫಿಯ ಹೊತ್ತಿನಲ್ಲಿ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿದರೆ ಸಾಕು, ಮನೆಯ ಯಾವ ಮೂಲೆಯಲ್ಲಿದ್ದರೂ ಬಂದು ಕೂರುತ್ತಿದ್ದ. ಕಳೆದ ವರ್ಷ ಅವನು ವಿಪರೀತ ನೀರು ಕುಡಿಯಲು, ರಾತ್ರಿಯಲ್ಲಿ ಪದೇ ಪದೇ ಹೊರಗೆ ಹೋಗಲು ತೊಡಗಿದಾಗ, ಮೊದಲು ಕರೆದುಕೊಂಡು ಹೋದ ಚಿಕಿತ್ಸಾಲಯದಲ್ಲಿ ಇದು ವಯಸ್ಸಿನ ದಣಿವು ಎಂದು ಹೇಳಿ ಕಳುಹಿಸಿದರು. ಎರಡನೆಯ ಕಡೆ ರಕ್ತಪರೀಕ್ಷೆ ಮಾಡಿಸಿದಾಗ ಮೂತ್ರಪಿಂಡಗಳು ಸೋತಿರುವುದು ತಿಳಿಯಿತು. ನಾಯಿಗಳಲ್ಲಿ ಈ ಕಾಯಿಲೆಯ ಲಕ್ಷಣಗಳು ಕಾಣಿಸಿಕೊಳ್ಳುವ ಹೊತ್ತಿಗೆ ಮೂತ್ರಪಿಂಡದ ಬಹುಭಾಗ ಕೆಲಸ ನಿಲ್ಲಿಸಿರುತ್ತದೆಯಂತೆ. ವಯಸ್ಸಾದ ನಾಯಿಯನ್ನು ಸಾಕುತ್ತಿರುವವರು ದಯವಿಟ್ಟು ನೀರಿನ ಬಟ್ಟಲಿನ ಮೇಲೆ ಕಣ್ಣಿಟ್ಟಿರಿ, ಬಟ್ಟಲು ಎಂದಿಗಿಂತ ಬೇಗ ಖಾಲಿಯಾಗುತ್ತಿದ್ದರೆ ಪರೀಕ್ಷೆಗೆ ತಡಮಾಡಬೇಡಿ.

ಕೊನೆಯ ನಾಲ್ಕು ತಿಂಗಳು ಪಥ್ಯ. ಉಪ್ಪು, ಮಾಂಸ, ಹೊರಗಿನ ತಿಂಡಿ ಎಲ್ಲವೂ ನಿಂತವು, ಬಿಸ್ಕತ್ತೂ ನಿಂತಿತು. ಡಬ್ಬಿಯ ಸದ್ದು ಕೇಳಿಸಬಾರದೆಂದು ಅಮ್ಮ ತಮಗೂ ಬಿಸ್ಕತ್ತು ಬೇಡವೆಂದರು. ಆದರೂ ನಾಲ್ಕೂವರೆಗೆ ಕೆಂಚ ಎದ್ದು ಬಂದು ಅದೇ ಜಾಗದಲ್ಲಿ ಕುಳಿತು ಕಪಾಟಿನ ಕಡೆಗೆ ನೋಡುತ್ತಿದ್ದ. ಒಂದಷ್ಟು ಹೊತ್ತು ನೋಡಿ, ಏನೂ ಕೇಳದೆ ಹಿಂತಿರುಗುತ್ತಿದ್ದ. ಅವನ ಒಳ್ಳೆಯದಕ್ಕೇ ಮಾಡಿದೆವೆಂದು ನನಗೆ ತಿಳಿದಿದೆ. ಆದರೆ ಅವನಿಗೆ ಅದನ್ನು ತಿಳಿಸಿ ಹೇಳುವ ದಾರಿ ನಮಗಿರಲಿಲ್ಲ. ಆಷಾಢದಲ್ಲಿ ಅವನು ಹೋದ. ಊರಿನ ತೋಟದಲ್ಲಿ, ಅಪ್ಪ ನೆಟ್ಟ ಹೊಂಗೆಯ ಮರದ ಕೆಳಗೆ ಮಣ್ಣು ಮಾಡಿ ಬಂದೆವು. ಡಬ್ಬಿ ಮಾತ್ರ ಹಾಗೆಯೇ ಇತ್ತು. ಬಿಸ್ಕತ್ತು ಮಾಡೋಣವೆಂದು ಮಗಳು ಹೇಳಿದ್ದು ಆ ಡಬ್ಬಿಯನ್ನು ನೋಡಿಯೇ.

ಆಕಾರದ ಬಿಸ್ಕತ್ತು ಮಾಡುವುದು ಸುಲಭವೆಂದು ನಾನು ಭಾವಿಸಿದ್ದೆ. ಮೊದಲ ಸಲ ನಾನ್‌ಕಟಾಯಿಯ ಅಳತೆಯಲ್ಲೇ, ಬೇಕಿಂಗ್ ಪೌಡರ್ ಹಾಕಿ ಕಲಸಿ ಓಟಿಜಿಯಲ್ಲಿ, ಅಂದರೆ ವಿದ್ಯುತ್ ಒಲೆಯಲ್ಲಿ, ಇಟ್ಟಾಗ, ಕಿವಿ ಯಾವುದು, ಬಾಲ ಯಾವುದು ಎಂದು ತಿಳಿಯದಂತೆ ಹರಡಿಕೊಂಡು ಎಲ್ಲವೂ ಗುಂಡಗಾದವು. ಹಿಟ್ಟು ಗಟ್ಟಿಯಾಗುವ ಮೊದಲೇ ಬೆಣ್ಣೆ ಕರಗಿ ಹರಿಯುವುದು ಮತ್ತು ಬೇಕಿಂಗ್ ಪೌಡರಿನಿಂದ ಹಿಟ್ಟು ಉಬ್ಬುವುದು ಇದಕ್ಕೆ ಕಾರಣ. ಎರಡನೆಯ ಸಲ ಪೌಡರನ್ನು ಪೂರ್ತಿ ಬಿಟ್ಟೆವು. ಇನ್ನೂರು ಗ್ರಾಂ ಬೆಣ್ಣೆ, 150 ಗ್ರಾಂ ಪುಡಿಬೆಲ್ಲ, 250 ಗ್ರಾಂ ಗೋಧಿಹಿಟ್ಟು, 100 ಗ್ರಾಂ ಹುರಿದ ರಾಗಿಹಿಟ್ಟು, ಚಿಟಿಕೆ ಏಲಕ್ಕಿ, ಕೂಡಿಕೊಳ್ಳುವಷ್ಟು ಹಾಲು. ರಾಗಿಯಲ್ಲಿ ಅಂಟು ಇಲ್ಲದಿರುವುದರಿಂದ ಬರಿಯ ರಾಗಿಯಲ್ಲಿ ಮಾಡಿದರೆ ಕಾಲುಗಳು ಮುರಿಯುತ್ತವೆ, ಗೋಧಿಯ ಆಸರೆ ಬೇಕು. ಕಲಸಿದ ಹಿಟ್ಟನ್ನು ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು, ಸುಮಾರು 5 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಕತ್ತರಿಸಿದ ಮೇಲೆ ತಟ್ಟೆಸಮೇತ ಮತ್ತೆ ಕಾಲು ಗಂಟೆ ತಣ್ಣಗಿಟ್ಟು, ಆಮೇಲೆ 170 ಡಿಗ್ರಿಯಲ್ಲಿ 14 ನಿಮಿಷ ಬೇಯಿಸಿದೆವು. ಬೆಲ್ಲವೂ ರಾಗಿಯೂ ಸೇರಿ ಬಂದ ಬಣ್ಣವನ್ನು ಕಂಡು ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅದು ಕೆಂಚನ ಬಣ್ಣವೇ ಆಗಿತ್ತು.

ಅಚ್ಚಿನದು ಬೇರೆಯೇ ಕಥೆ. ಅಂಗಡಿಯಲ್ಲಿ ಸಿಗುವ ನಾಯಿಯ ಅಚ್ಚುಗಳೆಲ್ಲ ಉದ್ದ ಮೈಯ, ಗಿಡ್ಡ ಕಾಲಿನ ವಿಲಾಯಿತಿ ನಾಯಿಗಳದು. ತಗಡಿನ ಕೆಲಸ ಮಾಡುವ ಹಿರಿಯರೊಬ್ಬರಿಗೆ ಕೆಂಚನ ಫೋಟೋದಿಂದ ತೆಗೆದ ಗೆರೆಚಿತ್ರವನ್ನು ಕೊಟ್ಟೆವು. ಅವರು ಅದನ್ನು ನೋಡಿ, ನಿಂತ ನಾಯಿ ಬೇಡ, ಕುಳಿತ ನಾಯಿ ಮಾಡೋಣ, ಬಾಲ ಮೈಗೆ ಸುತ್ತಿಕೊಂಡಿರಲಿ, ಇಲ್ಲವಾದರೆ ಸಣ್ಣ ಬಾಲ ಮೊದಲು ಸೀಯುತ್ತದೆ, ಆಮೇಲೆ ಮುರಿಯುತ್ತದೆ ಎಂದರು. ಬಿಸ್ಕತ್ತು ಮಾಡದವರು ಇಷ್ಟನ್ನು ತಗಡಿನ ಅನುಭವದಿಂದಲೇ ಹೇಳಿದ್ದು ನನಗೆ ದೊಡ್ಡ ಪಾಠ. ಬಾಗಿದ ಎಡಗಿವಿಯನ್ನೂ ಅವರು ಮರೆಯಲಿಲ್ಲ. ಕೆಂಚನ ಜೊತೆಗೆ ಅವನ ಬಳಗವೂ ಇರಲಿ ಎಂದು ಮಗಳು ಹಠ ಹಿಡಿದದ್ದರಿಂದ, ಅವನು ಜೀವಮಾನವಿಡೀ ಅಟ್ಟಿದರೂ ಸಿಗದ ಅಳಿಲು, ಅವನ ತಟ್ಟೆಯಿಂದಲೇ ಮೊಸರನ್ನ ತಿನ್ನುತ್ತಿದ್ದ ಕಾಗೆ, ಅವನು ಹೆದರುತ್ತಿದ್ದ ಹಿಂದಿನ ಮನೆಯ ಬೆಕ್ಕು, ಇವುಗಳನ್ನು ಚಾಕುವಿನ ತುದಿಯಿಂದ ಕೊರೆದೆವು. ಇದ್ದ ಅಚ್ಚಿನಿಂದ ಒಂದಷ್ಟು ಆನೆಗಳೂ ಆದವು.

ಬಿಸ್ಕತ್ತು ಆರಿದ ಮೇಲೆ ಮಗಳು ಅಳಿಲನ್ನು ತಿಂದಳು, ಆನೆಯನ್ನು ತಿಂದಳು. ಕೆಂಚನನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕುಳಿತಳು. ಬಂಧುಗಳು ಆಮೇಲೆ ಕೇಳಿದ ಎರಡನೆಯ ಪ್ರಶ್ನೆ ಅವಳಿಗೆ ಆಗಲೇ ಹುಟ್ಟಿತ್ತು. ಅಮ್ಮ ಅವಳನ್ನು ಹತ್ತಿರ ಕೂರಿಸಿಕೊಂಡು ಕೇಳಿದರು: "ಪುಟ್ಟಿ, ಸಂಕ್ರಾಂತಿಯಲ್ಲಿ ಸಕ್ಕರೆ ಅಚ್ಚಿನ ಬಸವನನ್ನು ಮೊದಲು ಎಲ್ಲಿಂದ ತಿನ್ನುತ್ತೀಯೆ?" ಅವಳು ತಲೆಯಿಂದ ಎಂದಳು. "ಅದೇ ಸಂಜೆ ಊರಲ್ಲಿ ಬಸವನ ಕೊಂಬಿಗೆ ಬಣ್ಣ ಬಳಿದು, ಹೂ ಮುಡಿಸಿ, ಕಿಚ್ಚು ಹಾಯಿಸುವಾಗ ಕೈಮುಗಿಯುವವಳೂ ನೀನೇ ಅಲ್ಲವೇ?"

ನನ್ನ ಉತ್ತರವೂ ಅದೇ. ಸಕ್ಕರೆ ಅಚ್ಚು ಮಾಡುವ ಮನೆಯಲ್ಲಿ ಬೆಳೆದವರಿಗೆ ಇದು ವಿಚಿತ್ರವಾಗಿ ಕಾಣಬಾರದು. ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಹಾಕಿ, ಪಾಕಕ್ಕೆ ಹಾಲು ಬಿಟ್ಟು ಕೊಳೆ ತೆಗೆದು ಸೋಸಿ, ಜೋಡಿಸಿ ಕಟ್ಟಿದ ಅಚ್ಚಿಗೆ ಹುಯ್ದು, ನಾವು ತೆಗೆಯುವುದು ಆನೆ, ಕುದುರೆ, ಬಸವ, ಗಿಳಿ, ನವಿಲುಗಳನ್ನೇ ಅಲ್ಲವೇ? ಅವುಗಳನ್ನು ಗಾಜಿನ ಕಪಾಟಿನಲ್ಲಿಟ್ಟು ನೋಡಲು ಮಾಡುವುದಿಲ್ಲ. ಎಳ್ಳು ಬೆಲ್ಲದ ಜೊತೆಗಿಟ್ಟು ಮನೆ ಮನೆಗೆ ಬೀರುತ್ತೇವೆ. ಜೊತೆಗೆ ಬಾಳುವ ಪ್ರಾಣಿಯನ್ನು ಸಿಹಿಯಾಗಿ ರೂಪಿಸಿ ಹಂಚಿ ತಿನ್ನುವುದು ನಮ್ಮಲ್ಲಿ ಮರ್ಯಾದೆಯ ಒಂದು ಬಗೆ. ಪ್ರೀತಿಯ ರೂಪವನ್ನು ಮುಟ್ಟದೆ ಕಾಪಿಡುವುದೊಂದೇ ಗೌರವವೆಂದು ನಾನು ಒಪ್ಪುವುದಿಲ್ಲ. ಕೆಂಚ ಕುಳಿತು ಕಾಯುತ್ತಿದ್ದುದು ತಿನ್ನುವ ವಸ್ತುವಿಗೆ, ಅದರಲ್ಲೂ ನಮ್ಮ ಕೈಯಿಂದ ಸಿಗುವ ಪಾಲಿಗೆ. ಅವನ ನೆನಪು ಬಾಯಿಗೆ ಸಿಗುವಂತಿರುವುದೇ ಸರಿ.

ಇನ್ನು ಮೊದಲ ಪ್ರಶ್ನೆ, ಒಂದು ನಾಯಿಗೆ ಇಷ್ಟೆಲ್ಲ ಬೇಕೇ ಎನ್ನುವುದು. ಇದಕ್ಕೆ ಸಾವಿರ ವರ್ಷಕ್ಕೂ ಹಿಂದೆಯೇ ಮಂಡ್ಯ ಜಿಲ್ಲೆಯವರು ಕಲ್ಲಿನಲ್ಲಿ ಉತ್ತರ ಬರೆದಿಟ್ಟಿದ್ದಾರೆ. ಮದ್ದೂರು ತಾಲ್ಲೂಕಿನ ಆತಗೂರಿನಲ್ಲಿ ಸಿಕ್ಕ, ಆತಕೂರು ಶಾಸನವೆಂದು ಹೆಸರಾದ ಆ ವೀರಗಲ್ಲು ಶಕ 872ರದು, ಅಂದರೆ ಕ್ರಿ.ಶ. 949-50ರದು. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ, ಗಂಗರ ದೊರೆ ಬೂತುಗನ ಕಡೆಯ ಮಣಲೆರ ಎಂಬ ವೀರನು ಮೆಚ್ಚಿನ ಕೊಡುಗೆಯಾಗಿ ಪಡೆದದ್ದು ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು. ಆ ಕಾಳಿ ಬೆಳ್ತೂರಿನ ಬೆಟ್ಟದಲ್ಲಿ ದೊಡ್ಡ ಕಾಡುಹಂದಿಯೊಡನೆ ಸೆಣಸಿ, ಅದನ್ನು ಕೊಂದು ತಾನೂ ಸತ್ತಿತು. ಚಲ್ಲೇಶ್ವರ ದೇವಾಲಯದ ಮುಂದೆ ಅದರ ಹೆಸರಿನಲ್ಲಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ನಾಯಿಯೂ ಹಂದಿಯೂ ಕಾದಾಡುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರಲ್ಲಿರುವ ಒಂದು ಕಟ್ಟಳೆ: ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು, ಅಂದರೆ ಶೈವ ಪೂಜಾರಿಯು, ಈ ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ, ನಾಯಿ ಮಾಡಿದ ಪಾಪಕ್ಕೆ ಅವನು ಗುರಿಯಾಗುತ್ತಾನೆ. ತುತ್ತನ್ನು ಬಾಯಿಗಿಡುವ ಮೊದಲು ಒಂದು ನಾಯಿಯನ್ನು ನೆನೆಯಬೇಕೆಂದು ವಿಧಿಸಿದ ಊರು ನಮ್ಮ ಸೀಮೆಯದೇ. ಬಿಸ್ಕತ್ತಿನ ತಟ್ಟೆಯ ಮುಂದೆ ಕುಳಿತಾಗ ನನಗೆ ನೆನಪಾದದ್ದು ಅದು.

ಅಷ್ಟು ಹಿಂದಕ್ಕೆ ಹೋಗಬೇಕಾಗಿಯೂ ಇಲ್ಲ. ಎಂಟು ಬಾರಿ 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಹೊತ್ತ ದಸರಾ ಆನೆ ಅರ್ಜುನ, 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಪ್ರಾಣ ಬಿಟ್ಟಾಗ ಮೈಸೂರು ಮರುಗಿತು. ಒಂದು ಆನೆಗೆ ಇಷ್ಟೊಂದೇಕೆ ಎಂದು ಆಗ ನಮ್ಮ ಬೀದಿಯಲ್ಲಿ ಯಾರೂ ಕೇಳಲಿಲ್ಲ. ಅಂಬಾರಿ ಹೊರದ ಪ್ರಾಣಿಗೂ ಒಂದು ಮನೆಯಷ್ಟು ದುಃಖ ಸಲ್ಲುತ್ತದೆ ಎಂದಷ್ಟೇ ನಾನು ಹೇಳುತ್ತಿರುವುದು.

ಹೀಗೆ ಮಾಡಬೇಕೆಂದಿರುವವರಲ್ಲಿ ಒಂದು ವಿನಂತಿ. ಸತ್ತ ನಾಯಿಯ ನೆನಪಿನಲ್ಲಿ ಬೀದಿಯ ನಾಯಿಗಳಿಗೆ ಕೇಕು, ಚಾಕೊಲೇಟ್ ಬಿಸ್ಕತ್ತು ಹಾಕುವವರನ್ನು ನೋಡಿದ್ದೇನೆ. ಅವರ ಮನಸ್ಸು ಒಳ್ಳೆಯದು, ಆದರೆ ಅದು ನಾಯಿಗೆ ವಿಷ. ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್ ಎಂಬ ಅಂಶವನ್ನು ನಾಯಿಯ ದೇಹ ಬಹಳ ನಿಧಾನವಾಗಿ ಕರಗಿಸುತ್ತದೆ, ಅದು ಹೃದಯಕ್ಕೂ ನರಗಳಿಗೂ ಏಟು ಕೊಡುತ್ತದೆ. ದ್ರಾಕ್ಷಿ, ಒಣದ್ರಾಕ್ಷಿಗಳಿಂದ ಮೂತ್ರಪಿಂಡ ಕೆಡಬಹುದು. ಸಕ್ಕರೆಯಿಲ್ಲದ್ದೆಂದು ಮಾರುವ ಕೆಲವು ತಿನಿಸುಗಳಲ್ಲಿರುವ ಕ್ಸೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ಥಟ್ಟನೆ ಇಳಿಸುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಜಾಯಿಕಾಯಿಗಳೂ ಬೇಡ. ನಾವು ಬೀದಿಯ ನಾಯಿಗಳಿಗೆಂದು ಬೇರೆಯೇ ಕಲಸಿದೆವು: ರಾಗಿಹಿಟ್ಟು, ಗೋಧಿಹಿಟ್ಟು, ಬೇಯಿಸಿ ಹಿಸುಕಿದ ಸಿಹಿಗುಂಬಳ, ಸ್ವಲ್ಪ ಅರೆದ ಕಡಲೆಕಾಯಿ. ಉಪ್ಪು, ಬೆಲ್ಲ, ಬೆಣ್ಣೆ ಯಾವುದೂ ಇಲ್ಲ. ಅವುಗಳಿಗೆ ಆಕಾರ ಬೇಕಿಲ್ಲವಾದರೂ, ಕೆಂಚನ ಅಚ್ಚಿನಲ್ಲೇ ಕತ್ತರಿಸೋಣವೆಂದು ಮಗಳು ಹೇಳಿದಳು. ಹಾಗೆಯೇ ಮಾಡಿದೆವು.

ಅಮಾವಾಸ್ಯೆಯ ದಿನ ಅಪ್ಪನ ಫೋಟೋದ ಮುಂದೆ ಎಡೆ ಇಟ್ಟೆವು: ಮುದ್ದೆ, ಕೋಳಿಸಾರು, ವಡೆ, ಕಜ್ಜಾಯ, ಅವರಿಗೆ ಇಷ್ಟವಾದುದೆಲ್ಲ. ಕೆಂಚನ ಬಿಸ್ಕತ್ತನ್ನು ಎಲ್ಲಿಡುವುದು ಎಂಬ ಮಾತು ಬಂತು. ಹಿರಿಯರ ಎಡೆಯ ಪಕ್ಕದಲ್ಲಿ ನಾಯಿಯದು ಬೇಡವೆಂದು ಮನೆಗೆ ಬಂದಿದ್ದ ಹಿರಿಯರು ಹೇಳಿದರು. ಅಮ್ಮ ಅವರ ಮಾತನ್ನು ಮೀರಲಿಲ್ಲ, ಬಿಸ್ಕತ್ತನ್ನು ಬಿಡಲೂ ಇಲ್ಲ. ಒಂದು ಚಿಕ್ಕ ಬಾಳೆಯೆಲೆಯ ಮೇಲೆ ನಾಲ್ಕು ಕೆಂಚಗಳನ್ನಿಟ್ಟು, ಜಗಲಿಯ ಮೂಲೆಯಲ್ಲಿ, ಅಪ್ಪ ಕೂರುತ್ತಿದ್ದ ಮತ್ತು ಅವನು ಮಲಗುತ್ತಿದ್ದ ಜಾಗದಲ್ಲಿ ಇಟ್ಟು ಬಂದರು. ನಾಲ್ಕೂವರೆಗೆ ಡಬ್ಬಿಯ ಮುಚ್ಚಳ ತೆಗೆದು, ನಮಗೆಲ್ಲ ಕಾಫಿಯ ಜೊತೆ ಒಂದೊಂದು ಕೊಟ್ಟರು. ಮಗಳು ಬಾಗಿದ ಕಿವಿಯಿಂದ ತಿನ್ನಲು ತೊಡಗಿದಳು.

ಅಮ್ಮನ ಸಕ್ಕರೆ ಅಚ್ಚಿನ ಪೆಟ್ಟಿಗೆಯಲ್ಲಿ ಆನೆಯಿದೆ, ಕುದುರೆಯಿದೆ, ಗಿಳಿಯಿದೆ. ನಾಯಿ ಮಾತ್ರ ಇರಲಿಲ್ಲ. ಮರಗೆಲಸದವರೊಬ್ಬರಿಗೆ ಅದೇ ಗೆರೆಚಿತ್ರವನ್ನು ಕೊಟ್ಟು ಬಂದಿದ್ದೇವೆ, ಸಂಕ್ರಾಂತಿಗೆ ಹದಿನೈದು ದಿನ ಮುಂಚೆ ಕೊಡುತ್ತೇನೆಂದಿದ್ದಾರೆ.